ಕ್ವಾಡ್ ಹತ್ತುವ ಮುಂಚೆ ಏನೇನು ತೊಡಬೇಕು? ನಮ್ಮ ಕರಾವಳಿ, ಘಟ್ಟದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ರಜೆ ಹತ್ತಿರ ಬಂತೆಂದರೆ ನನಗೆ ಒಂದೇ ತರಹದ ಫೋನುಗಳು ಶುರುವಾಗುತ್ತವೆ. ಗೋಕರ್ಣಕ್ಕೆ ಹೊರಟಿದ್ದೇವೆ, ಹೆಲ್ಮೆಟ್ ಮನೆಯಿಂದಲೇ ತರಬೇಕಾ? ಮಗನಿಗೆ ಯಾವ ಶೂ ಹಾಕಲಿ? ಬುಲೆಟ್ ಓಡಿಸುವಾಗ ಹಾಕುವ ಜಾಕೆಟ್ ಇದೆ, ಸಾಕಾ? ನಾವು ನಾಲ್ಕೈದು ಜನ ಗೆಳೆಯರು ಶಿರಸಿ ಹತ್ತಿರ, ಒಬ್ಬರ ಮಾಲ್ಕಿ ಜಾಗದ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ), ಭಾನುವಾರಗಳಲ್ಲಿ ಕ್ವಾಡ್, ಅಂದರೆ ಬೈಕಿನ ಹಾಗೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ, ಓಡಿಸುತ್ತೇವೆ. ಬಿದ್ದು ಎದ್ದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೆಕೆಯಲ್ಲಿ, ನಮ್ಮ ಬೆವರಿನಲ್ಲಿ, ಇಳಿಯುವ ತನಕ ಮೈಮೇಲೆ ಉಳಿಯುವ ಗೇರನ್ನೇ (ಹೆಲ್ಮೆಟ್, ಬೂಟು, ಗಾರ್ಡ್‌ನಂಥ ರಕ್ಷಣೆಯ ತೊಡುಗೆ) ಆರಿಸಿ. ಅರ್ಧ ಗಂಟೆಗೆ ಬಿಚ್ಚಿ ಹ್ಯಾಂಡಲ್‌ಗೆ ನೇತು ಹಾಕುವ ದುಬಾರಿ ಜಾಕೆಟ್ ಯಾರನ್ನೂ ಕಾಯುವುದಿಲ್ಲ.

ಕ್ವಾಡ್‌ಗೆ ನಾಲ್ಕು ಚಕ್ರ ಇದೆ, ಬೀಳೋದಿಲ್ಲ ಅಲ್ವಾ? ಅಷ್ಟೆಲ್ಲ ಗೇರ್ ಯಾಕೆ?

ಬೈಕಿನ ಹಾಗೆ ಪಕ್ಕಕ್ಕೆ ಜಾರುವುದು ಕಡಿಮೆ, ನಿಜ. ಆದರೆ ಕ್ವಾಡ್ ಮಗುಚುತ್ತದೆ. ಏರಿನಲ್ಲಿ ಜಾಸ್ತಿ ಥ್ರಾಟಲ್ (ಆಕ್ಸಿಲರೇಟರ್) ಕೊಟ್ಟರೆ ಹಿಂದಕ್ಕೆ, ಓರೆ ದಿಣ್ಣೆಯಲ್ಲಿ ಹೋದರೆ ಪಕ್ಕಕ್ಕೆ. ಬೈಕ್ ಬಿದ್ದಾಗ ಸಾಮಾನ್ಯವಾಗಿ ನೀವೊಂದು ಕಡೆ, ಗಾಡಿ ಒಂದು ಕಡೆ. ಕ್ವಾಡ್ ಮಗುಚಿದರೆ ಅದು ನಿಮ್ಮ ಮೇಲೆಯೇ ಬರಬಹುದು. ದೊಡ್ಡವರ ಕ್ವಾಡ್‌ಗಳು ಹೆಚ್ಚಿನವು 200ರಿಂದ 350 ಕಿಲೋ ತೂಗುತ್ತವೆ. ಟೈರಿನಲ್ಲಿ 10 ಪಿಎಸ್‌ಐಗೂ ಕಡಿಮೆ ಗಾಳಿ ಇರುವುದರಿಂದ ಬೇರಿನ ಮೇಲೆ, ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತವೆ.

ಅಷ್ಟು ತೂಕ ಎದೆಯ ಮೇಲೆ ಕೂತರೆ ತಡೆಯುವ ಗೇರ್ ಯಾವುದೂ ಇಲ್ಲ. ಇದನ್ನು ತಿಳಿದುಕೊಂಡೇ ಹತ್ತಬೇಕು. ಗೇರ್ ಕಾಯುವುದು ತಲೆ ಕಲ್ಲಿಗೆ ಬಡಿದಾಗ, ಕಾಲು ಸಿಕ್ಕಿಕೊಂಡಾಗ, ಬಿದಿರಿನ ಮುಳ್ಳು ಕಣ್ಣಿನ ನೇರಕ್ಕೆ ಬಂದಾಗ. ಅದೇನು ಸಣ್ಣದಲ್ಲ. ನಮ್ಮ ಜಿಲ್ಲೆಯಲ್ಲಿ ತಲೆಗೆ ಜೋರು ಪೆಟ್ಟಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡುವುದನ್ನು ನಾವೆಲ್ಲ ನೋಡಿದ್ದೇವೆ. ಘಟ್ಟ ಇಳಿಯುವುದಕ್ಕೇ ಒಂದು ತಾಸಿನ ಮೇಲೆ ಬೇಕು. ಪೇಟೆಯ ಪಕ್ಕ ಓಡಿಸುವವರಿಗಿಂತ ನಮಗೆ ಗೇರ್ ಜಾಸ್ತಿ ಬೇಕು ಅನ್ನುವುದು ಅದಕ್ಕೇ.

ದುಡ್ಡು ಕಡಿಮೆ ಇದೆ. ಮೊದಲು ಯಾವುದು ತಗೊಳ್ಳಲಿ?

ಹೆಲ್ಮೆಟ್. ಆಮೇಲೆ ಶೂ. ಆಮೇಲೆ ಗಾಗಲ್ ಮತ್ತು ಗ್ಲೌಸ್, ಇವೆರಡಕ್ಕೂ ದೊಡ್ಡ ಖರ್ಚಿಲ್ಲ. ಎದೆ, ಬೆನ್ನಿನ ಗಾರ್ಡ್ ಮತ್ತು ಮೊಣಕಾಲಿನ ಗಾರ್ಡ್ ನಂತರ. ಜಾಕೆಟ್ ಕೊನೆಗೆ.

ಹೆಚ್ಚಿನವರು ಹೆಲ್ಮೆಟ್ ಆದ ಮೇಲೆ ಸೀದಾ ಜಾಕೆಟ್ ಅಂಗಡಿಗೆ ಹೋಗುತ್ತಾರೆ. ಫೋಟೋದಲ್ಲಿ ಚೆಂದ ಕಾಣುವುದು ಅದೇ ನೋಡಿ. ನಾನು ಶೂ ಎನ್ನುವುದಕ್ಕೆ ಕಾರಣ ನನ್ನದೇ ಎಡಗಾಲು.

ಮೊದಲನೇ ವರ್ಷ ಗಮ್‌ಬೂಟ್ ಹಾಕಿಯೇ ಓಡಿಸುತ್ತಿದ್ದೆ. ತೋಟಕ್ಕೆ ಹಾಕುವುದೇ ಅಲ್ವಾ, ಕೆಸರು ತಾಗುವುದಿಲ್ಲ, ಸಾಕು ಅಂತ. ಒಂದು ದಿನ ತೋಟದ ಅಂಚಿನಲ್ಲಿ ಕಾದಿಗೆ (ನೀರು ಹರಿಯುವ ಕಾಲುವೆ) ದಾಟುತ್ತಿದ್ದೆ. ನಡೆಯುವಷ್ಟೇ ವೇಗ. ಗಾಡಿ ಸ್ವಲ್ಪ ವಾಲಿತು. ಬೈಕ್ ಓಡಿಸಿದ ಅಭ್ಯಾಸ, ಎಡಗಾಲು ತಾನಾಗಿ ನೆಲಕ್ಕೆ ಹೋಯಿತು. ಗಾಡಿ ಮುಂದೆ ಹೋಗುತ್ತಲೇ ಇತ್ತು. ಹಿಂದಿನ ಟೈರ್ ಹಿಮ್ಮಡಿಯ ಮೇಲೆ ಹತ್ತಿ, ಕಾಲನ್ನು ಒಳಕ್ಕೆ ಎಳೆದು ಮಡಚಿ ಹಾಕಿತು. ಗಮ್‌ಬೂಟ್ ಬಾಳೆಪಟ್ಟೆಯ ಹಾಗೆ ಮಡಚಿಕೊಂಡಿತು. ಆಮೇಲೆ ನೋಡಿದರೆ ಮೀನಖಂಡದ ಹತ್ತಿರ ಕಪ್ಪು ರಬ್ಬರಿನ ಮೇಲೆ ಟೈರಿನ ಗುಂಡಿಗಳ ಕೆಂಪು ಮಣ್ಣಿನ ಅಚ್ಚು, ಒಂದೊಂದೂ ಎಣಿಸುವ ಹಾಗೆ ಸಾಲಾಗಿ ಮೂಡಿತ್ತು. ಕಾಲಿನ ಗಂಟಿಗೆ ಆರು ವಾರ ಪ್ಲಾಸ್ಟರ್.

ಕ್ವಾಡ್‌ನಲ್ಲಿ ಇದು ಅಪರೂಪದ ಅಪಘಾತವಲ್ಲ. ಕಾಲು ಫುಟ್‌ರೆಸ್ಟ್ ಬಿಟ್ಟರೆ ಹಿಂದಿನ ಚಕ್ರ ಕಾಯುತ್ತಲೇ ಇರುತ್ತದೆ.

ಹಾಗಾದರೆ ಶೂ ಹೇಗಿರಬೇಕು?

ಕಾಲಿನ ಗಂಟಿಗಿಂತ ಮೇಲೆ ಬರಬೇಕು. ಕೈಯಲ್ಲಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಸುಲಭವಾಗಿ ತಿರುಚಿಕೊಂಡರೆ ಬೇಡ. ಬೆರಳಿನ ಭಾಗ, ಹಿಮ್ಮಡಿ ಎರಡೂ ಗಟ್ಟಿ ಇರಬೇಕು. ಅಟ್ಟೆಯಲ್ಲಿ ಹಲ್ಲು ಇರಬೇಕು, ಹಿಮ್ಮಡಿಗೆ ಒಂದು ಮೆಟ್ಟಿಲು ಇರಬೇಕು, ಇಲ್ಲದಿದ್ದರೆ ಒದ್ದೆ ಫುಟ್‌ರೆಸ್ಟ್ ಮೇಲೆ ಜಾರುತ್ತದೆ.

ಮೋಟೊಕ್ರಾಸ್ ಬೂಟು ಎಲ್ಲಕ್ಕಿಂತ ಒಳ್ಳೆಯದು. ಬಕಲ್ ಹಾಕಿ ಬಿಗಿಯುವಂಥದ್ದು, ಮೊಣಕಾಲಿನ ಹತ್ತಿರದ ತನಕ ಬರುತ್ತದೆ. ಬೆಲೆ ಜಾಸ್ತಿ, ನಡೆಯಲು ಕಷ್ಟ, ಆದರೆ ಮೂಳೆ ಉಳಿಸುತ್ತದೆ. ಮೋಟಾರ್‌ಸೈಕಲ್ ಬೂಟಿಗೆ ಯುರೋಪಿನ ಇಎನ್ 13634 ಎಂಬ ಮಾನದಂಡ ಇದೆ, ಒಳಗಿನ ಲೇಬಲ್‌ನಲ್ಲಿ ಆ ನಂಬರ್ ಹುಡುಕಿ. ಅಷ್ಟು ಖರ್ಚು ಬೇಡ ಅಂದರೆ ಗಂಟು ಮುಚ್ಚುವ ಗಟ್ಟಿ ಚರ್ಮದ ಬೂಟು ಹಾಕಿ. ಲೇಸ್ ಇದ್ದರೆ ತುದಿಯನ್ನು ಒಳಕ್ಕೆ ಸಿಕ್ಕಿಸಿ. ಚಪ್ಪಲಿ, ಫ್ಲೋಟರ್, ಕ್ಯಾನ್ವಾಸ್ ಶೂ ಬೇಡವೇ ಬೇಡ. ಸಮುದ್ರ ದಂಡೆಯಲ್ಲಿ ಬರಿಗಾಲಿನಲ್ಲಿ ಹತ್ತುವವರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನನ್ನ ಹತ್ತಿರ ಬೈಕ್ ಹೆಲ್ಮೆಟ್ ಇದೆ. ಬೇರೆ ಬೇಕಾ?

ಫುಲ್ ಫೇಸ್ ಆಗಿದ್ದು, ಸರಿಯಾದ ಗುರುತು ಇದ್ದು, ಒಮ್ಮೆಯೂ ಪೆಟ್ಟು ತಿನ್ನದೇ ಇದ್ದರೆ ಧಾರಾಳವಾಗಿ ಹಾಕಿ. ವರ್ಷಕ್ಕೆ ಎರಡು ಸಲ ಓಡಿಸುವವರಿಗೆ ಅದೇ ಸಾಕು. ಅರ್ಧ ಹೆಲ್ಮೆಟ್, ಗದ್ದ ತೆರೆದಿರುವ ಹೆಲ್ಮೆಟ್ ಮಾತ್ರ ಬೇಡ. ಕ್ವಾಡ್ ತಟ್ಟನೆ ನಿಂತರೆ ಮುಖ ಹೋಗಿ ಬಡಿಯುವುದು ಹ್ಯಾಂಡಲ್‌ಗೆ.

ಪದೇ ಪದೇ ಓಡಿಸುವವರು ಆಫ್‌ರೋಡ್ ಹೆಲ್ಮೆಟ್ ತಗೊಳ್ಳಿ. ಮುಂದೆ ಪೀಕ್, ಚೂಪಾಗಿ ಮುಂಚಾಚಿದ ಗದ್ದ, ಗಾಗಲ್ ಕೂರಲು ಜಾಗ. ಗದ್ದ ಮುಂದೆ ಇರುವುದರಿಂದ ಉಸಿರಾಡಲು ಗಾಳಿ ಸಿಗುತ್ತದೆ. ರೋಡ್ ಹೆಲ್ಮೆಟ್‌ನಲ್ಲಿ ನಿಧಾನಕ್ಕೆ ಹೋಗುವಾಗ ವೈಸರ್ ಮಂಜಾಗುತ್ತದೆ, ಎತ್ತಿದರೆ ಕಣ್ಣಿಗೆ ಹುಡಿ. ಕುಮಟಾ, ಅಂಕೋಲಾ ಕಡೆಯ ಏಪ್ರಿಲ್ ಸೆಕೆಯಲ್ಲಿ ಈ ವ್ಯತ್ಯಾಸ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.

ಐಎಸ್‌ಐ, ಡಾಟ್ (ಅಮೆರಿಕದ ಗುರುತು), ಇಸಿಇ (ಯುರೋಪಿನ ಗುರುತು)… ಯಾವುದನ್ನು ನಂಬಲಿ?

ನಮ್ಮ ದೇಶದಲ್ಲಿ ಐಎಸ್‌ಐ ಗುರುತು ಕಡ್ಡಾಯ. ದ್ವಿಚಕ್ರ ಸವಾರರ ಹೆಲ್ಮೆಟ್‌ನ ಮಾನದಂಡ ಐಎಸ್ 4151. 2021ರ ಜೂನ್ 1ರಿಂದ ಈ ಗುರುತಿಲ್ಲದೆ ಅಂಥ ಹೆಲ್ಮೆಟ್ ತಯಾರಿಸುವಂತಿಲ್ಲ, ಮಾರುವಂತಿಲ್ಲ. ರಸ್ತೆ ಬದಿಯಲ್ಲಿ ಹಗ್ಗಕ್ಕೆ ಸಾಲಾಗಿ ನೇತು ಹಾಕಿ ಮಾರುವ ಹೆಲ್ಮೆಟ್‌ಗಳ ಮೇಲೂ ಐಎಸ್‌ಐ ಸ್ಟಿಕರ್ ಇರುತ್ತದೆ, ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು. ಹಾಗಾಗಿ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದ್ದು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಎಂಬುದು ಕಾಣುತ್ತದೆ. ಅಂಗಡಿಯಲ್ಲಿ ನಿಂತೇ ನೋಡಿ, ಎರಡು ನಿಮಿಷದ ಕೆಲಸ.

ಇನ್ನೂ ಸ್ವಲ್ಪ ದುಡ್ಡು ಹಾಕಬಹುದು ಅಂದರೆ ಐಎಸ್‌ಐ ಜೊತೆಗೆ ಇಸಿಇ 22.06 ಕೂಡ ಇರುವುದನ್ನು ಹುಡುಕಿ. ಅದರಲ್ಲಿ ಓರೆಯಾಗಿ ಬಡಿದಾಗ ತಲೆ ತಿರುಚಿಕೊಳ್ಳುವುದನ್ನೂ ಪರೀಕ್ಷೆ ಮಾಡುತ್ತಾರೆ. ಕ್ವಾಡ್‌ನಿಂದ ಬಿದ್ದಾಗ ತಲೆ ನೇರವಾಗಿ ಬಡಿಯುವುದು ಅಪರೂಪ, ಓರೆಯಾಗಿಯೇ ಜಾಸ್ತಿ. ಬೆಂಗಳೂರಿನಿಂದ ತರಿಸಬೇಕು ಅಂತೇನೂ ಇಲ್ಲ. ವೇಗಾ ಹೆಲ್ಮೆಟ್ ತಯಾರಾಗುವುದು ನಮ್ಮ ಪಕ್ಕದ ಬೆಳಗಾವಿಯಲ್ಲೇ.

ಆನ್‌ಲೈನ್‌ನಲ್ಲಿ ತರಿಸುತ್ತೇನೆ. ಸೈಜ್ ಹೇಗೆ ತಿಳಿಯುವುದು?

ಟೈಲರ್ ಟೇಪ್ ತಗೊಂಡು ಹುಬ್ಬಿನಿಂದ ಒಂದು ಬೆರಳು ಮೇಲೆ, ಕಿವಿಯ ಮೇಲಿಂದ, ತಲೆಯ ಹಿಂದೆ ಎಲ್ಲಕ್ಕಿಂತ ಉಬ್ಬಿದ ಜಾಗ ಸುತ್ತಿ ಅಳೆಯಿರಿ. ಸೆಂಟಿಮೀಟರ್‌ನಲ್ಲಿ ಬರೆದುಕೊಳ್ಳಿ. ಆ ಕಂಪನಿಯ ಪಟ್ಟಿ ನೋಡಿಯೇ ಆರಿಸಿ, ಒಬ್ಬರ ಎಂ ಇನ್ನೊಬ್ಬರ ಎಲ್ ಆಗಿರುತ್ತದೆ.

ಬಂದ ಮೇಲೆ ಹಾಕಿ ಪಟ್ಟಿ ಬಿಗಿಯಿರಿ. ಕೆನ್ನೆ ಸ್ವಲ್ಪ ಒತ್ತಿಕೊಳ್ಳಬೇಕು. ಮಾತಾಡಿದರೆ ಒಳಗೆ ಕೆನ್ನೆ ಹಲ್ಲಿಗೆ ತಾಗುವಷ್ಟು. ಹೊಸದರಲ್ಲಿ ಹೀಗೆ ಬಿಗಿ ಇರುವುದೇ ಸರಿ, ಫೋಮು ಕೆಲವು ದಿನಕ್ಕೆ ಕೂರುತ್ತದೆ. ಹೆಲ್ಮೆಟ್ ಹಿಡಿದು ಎಡಬಲ ಅಲ್ಲಾಡಿಸಿ. ಹಣೆಯ ಚರ್ಮವೂ ಅದರ ಜೊತೆ ಅಲ್ಲಾಡಬೇಕು. ಇನ್ನೊಬ್ಬರಿಗೆ ಹೇಳಿ ಹಿಂದಿನಿಂದ ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಲು ನೋಡಿ. ಕಳಚಿ ಬಂದರೆ ವಾಪಸ್ ಕಳಿಸಿ. ಇಪ್ಪತ್ತು ನಿಮಿಷ ಹಾಕಿಕೊಂಡು ಮನೆಯಲ್ಲೇ ಓಡಾಡಿ, ಹಣೆಯ ಒಂದೇ ಜಾಗದಲ್ಲಿ ನೋವು ಬಂದರೆ ಆ ಆಕಾರ ನಿಮ್ಮ ತಲೆಗಲ್ಲ.

ಬಾಡಿಗೆ ಕೊಡುವ ಜಾಗದಲ್ಲಿ ಹೆಲ್ಮೆಟ್ ಕೊಡುತ್ತಾರಲ್ಲ?

ಕೊಡುತ್ತಾರೆ. ಚೆನ್ನಾಗಿ ಇಟ್ಟುಕೊಂಡವರೂ ಇದ್ದಾರೆ. ನಾನು ಒಂದು ಕಡೆ ಕೈಗೆ ಕೊಟ್ಟ ಹೆಲ್ಮೆಟ್‌ನ ಒಳಗಿನ ಬಟ್ಟೆ ಸರಿಸಿ ನೋಡಿದೆ. ಕಪ್ಪು ಥರ್ಮೋಕೋಲಿನಲ್ಲಿ ಕಿವಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು, ಅದರ ತುಂಬ ಮರಳು. ಹೊರಗೆ ಹೊಸ ಸ್ಟಿಕರ್ ಹೊಳೆಯುತ್ತಿತ್ತು. ಯಾರೋ ಬಿದ್ದಿದ್ದರು, ಆ ಥರ್ಮೋಕೋಲ್ ತನ್ನ ಕೆಲಸ ಮುಗಿಸಿತ್ತು. ಅದು ಒಮ್ಮೆ ಅಮುಕಿದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ನೀವೂ ಹೀಗೇ ಬಟ್ಟೆ ಸರಿಸಿ ನೋಡಿ. ಪಟ್ಟಿ ಎಳೆದು ನೋಡಿ, ಬಕಲ್ ತುಕ್ಕು ಹಿಡಿದಿದೆಯಾ ನೋಡಿ. ಸಮುದ್ರದ ಉಪ್ಪುಗಾಳಿಗೆ ಲೋಹ ಬೇಗ ಹಾಳಾಗುತ್ತದೆ. ಬೇರೆ ಕೊಡಿ ಅಂತ ಕೇಳಲು ಸಂಕೋಚ ಬೇಡ. ಕೊಡದಿದ್ದರೆ ಹತ್ತಬೇಡಿ. ಬೆವರಿನ ಹೆಲ್ಮೆಟ್ ಅಂದರೆ ಹೇಸಿಗೆ ಅನ್ನುವವರು ಒಳಗೆ ಹಾಕುವ ತೆಳು ಹತ್ತಿಯ ಮುಸುಕು ಒಯ್ಯಿರಿ. ಕಾರಿನಲ್ಲಿ ಬರುವವರು ಮನೆಯ ಹೆಲ್ಮೆಟ್, ಶೂ ಡಿಕ್ಕಿಯಲ್ಲಿ ಹಾಕಿಕೊಂಡೇ ಬನ್ನಿ.

ಕನ್ನಡಕ ಹಾಕುತ್ತೇನೆ. ಗಾಗಲ್ ಹೇಗೆ?

ಕನ್ನಡಕದ ಮೇಲೆ ಹಾಕುವಂಥ ಅಗಲದ ಗಾಗಲ್ ಸಿಗುತ್ತದೆ, ಎರಡು ಬದಿಗೂ ಕನ್ನಡಕದ ಕಡ್ಡಿ ಹೋಗಲು ಜಾಗ ಕತ್ತರಿಸಿರುತ್ತಾರೆ. ಕನ್ನಡಕದ ಸಮೇತ ಅಂಗಡಿಗೆ ಹೋಗಿ ಹಾಕಿ ನೋಡಿಯೇ ತಗೊಳ್ಳಿ. ನಮ್ಮ ತೇವದ ಗಾಳಿಗೆ ಎರಡು ಪದರದ ಗ್ಲಾಸ್ ಇರುವುದು ಒಳ್ಳೆಯದು, ಮಂಜಾಗುವುದು ಕಡಿಮೆ. ಕಾಡಿನ ನೆರಳಲ್ಲಿ, ತೋಟದಲ್ಲಿ ಬಿಳಿ ಗ್ಲಾಸೇ ಸರಿ. ಕಪ್ಪು ಗ್ಲಾಸ್ ಹಾಕಿದರೆ ನೆರಳಿನಲ್ಲಿರುವ ಗುಂಡಿ ಕಾಣುವುದಿಲ್ಲ. ಸಾದಾ ತಂಪು ಕನ್ನಡಕ ಸಾಲದು, ಬದಿಯಿಂದ ಹುಡಿ, ಮರಳು ಎಲ್ಲ ಒಳಗೆ ಬರುತ್ತದೆ. ಒಡೆದರೆ ಚೂರು ಕಣ್ಣಿಗೇ.

ಕೆಸರು ಹಾರಿದಾಗ ಗ್ಲೌಸಿನಿಂದ ಒರೆಸಬೇಡಿ. ನಮ್ಮ ಕೆಂಪು ಮಣ್ಣಿನಲ್ಲಿ ಚಿರೆಕಲ್ಲಿನ ಹರಳು ಇರುತ್ತದೆ, ಒಂದೇ ಸಲಕ್ಕೆ ಗ್ಲಾಸ್ ಗೀಚಿ ಹೋಗುತ್ತದೆ. ನೀರು ಹಾಕಿ ತೊಳೆಯಿರಿ.

ಈ ಸೆಕೆಯಲ್ಲಿ ಜಾಕೆಟ್, ಎದೆ ಗಾರ್ಡ್ ಎಲ್ಲ ಹಾಕಲು ಆಗುತ್ತದಾ?

ರಸ್ತೆ ಬೈಕಿನ ದಪ್ಪ ಜಾಕೆಟ್ ಆಗುವುದಿಲ್ಲ. ಕ್ವಾಡ್ ಓಡಿಸುವಾಗ ಮೈ ಸುಮ್ನೆ ಕೂತಿರುವುದಿಲ್ಲ. ಏರಿನಲ್ಲಿ ಮುಂದೆ, ಇಳಿಜಾರಿನಲ್ಲಿ ಹಿಂದೆ, ತಿರುವಿನಲ್ಲಿ ಒಳಗಡೆ ವಾಲುತ್ತಲೇ ಇರಬೇಕು. ಮೈ ಹೊರಳದ ಜಾಕೆಟ್ ಹಾಕಿದರೆ ಓಡಿಸುವುದೇ ಹದಗೆಡುತ್ತದೆ.

ನಾನು ಹಾಕುವುದು ಜಾಳಿಗೆ ಬಟ್ಟೆಯ ಆರ್ಮರ್ ಅಂಗಿ, ಅದರ ಮೇಲೆ ಉದ್ದ ತೋಳಿನ ತೆಳು ಜೆರ್ಸಿ. ಭುಜ, ಮೊಣಕೈ, ಬೆನ್ನು, ಎದೆಗೆ ಪ್ಯಾಡ್ ಇರುತ್ತದೆ, ಉಳಿದ ಕಡೆ ಗಾಳಿ ಆಡುತ್ತದೆ. ಇನ್ನೂ ಸೆಕೆ ಅನ್ನಿಸಿದರೆ ಜೆರ್ಸಿಯ ಮೇಲೆ ಎದೆ, ಬೆನ್ನು ಮಾತ್ರ ಮುಚ್ಚುವ ಪ್ಲಾಸ್ಟಿಕ್ ಗಾರ್ಡ್ ಸಾಕು. ಮುಂದಿನ ಗಾಡಿಯ ಟೈರ್ ಸಿಡಿಸುವ ಚಿರೆಕಲ್ಲಿನ ಚೂರು ಎದೆಗೆ ಕವಣೆ ಕಲ್ಲಿನ ಹಾಗೆ ಬಡಿಯುತ್ತದೆ, ಆ ಗಾರ್ಡ್ ಮೊದಲು ಇರುವುದೇ ಅದಕ್ಕೆ.

ಲೇಬಲ್ ನೋಡುವಾಗ ಬೆನ್ನಿನ ಗಾರ್ಡ್‌ಗೆ ಇಎನ್ 1621-2 ಎಂದಿರಬೇಕು, ಎದೆಗೆ 1621-3, ಕೈಕಾಲಿನ ಗಂಟುಗಳಿಗೆ 1621-1. ಅದರಲ್ಲಿ ಎರಡು ಹಂತ ಇವೆ. ಬೆನ್ನಿನ ಗಾರ್ಡ್‌ನಲ್ಲಿ ಹಂತ 1 ಎಂದರೆ ಪರೀಕ್ಷೆಯ ಪೆಟ್ಟಿನಲ್ಲಿ ಸರಾಸರಿ 18 ಕಿಲೋನ್ಯೂಟನ್‌ಗಿಂತ ಜಾಸ್ತಿ ಬಲ ಆಚೆ ದಾಟಬಾರದು. ಹಂತ 2ರಲ್ಲಿ 9. ಅಂದರೆ ಬೆನ್ನಿಗೆ ತಲುಪುವ ಪೆಟ್ಟಿನ ಮಿತಿ ಅರ್ಧಕ್ಕೆ ಅರ್ಧ ಕಡಿಮೆ. ಬೆನ್ನಿಗೆ ಹಂತ 2 ತಗೊಳ್ಳಿ, ಉಳಿದದ್ದಕ್ಕೆ ಹಂತ 1 ನಡೆಯುತ್ತದೆ. ಹೆಚ್ಚು ಅಗ್ಗದ ಜಾಕೆಟ್‌ಗಳ ಬೆನ್ನಿನಲ್ಲಿ ಬರಿ ಸ್ಪಂಜಿನ ತುಂಡು ಇರುತ್ತದೆ. ಜಿಪ್ ಬಿಚ್ಚಿ, ಹೊರಗೆ ತೆಗೆದು ನೋಡಿ.

ಗ್ಲೌಸ್?

ಬೆರಳು ಪೂರ್ತಿ ಮುಚ್ಚುವಂಥದ್ದು, ತೆಳು ಅಂಗೈಯದ್ದು. ಕ್ವಾಡ್‌ನಲ್ಲಿ ಥ್ರಾಟಲ್ ತಿರುಗಿಸುವುದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವುದು. ಹೆಬ್ಬೆರಳಿನ ಒಳಗೆ ಹೊಲಿಗೆ ಒತ್ತುತ್ತಿದ್ದರೆ ಒಂದು ತಾಸಿಗೆ ಗುಳ್ಳೆ ಏಳುತ್ತದೆ. ಹಾಕಿಕೊಂಡು ಹೆಬ್ಬೆರಳು ಹತ್ತಿಪ್ಪತ್ತು ಸಲ ಮಡಚಿ ನೋಡಿ.

ಮೊಣಕಾಲಿಗೆ? ಕುತ್ತಿಗೆಗೆ?

ಮೊಣಕಾಲು, ಅದರ ಕೆಳಗಿನ ಕಾಲಿನ ಮುಂಭಾಗ ಎರಡೂ ಮುಚ್ಚುವ ಗಾರ್ಡ್, ಪ್ಯಾಂಟಿನ ಒಳಗೆ ಹಾಕುವಂಥದ್ದು. ಹೊರಗೆ ಹಾಕಿದರೆ ಲಂಟಾನಾ ಪೊದೆಗೆ ಸಿಕ್ಕಿ ಜಗ್ಗುತ್ತದೆ. ಕುತ್ತಿಗೆಯ ಬ್ರೇಸ್ ರೇಸಿನವರು, ಜಿಗಿಸುವವರು ಹಾಕುತ್ತಾರೆ. ಅದು ಹೆಲ್ಮೆಟ್‌ಗೂ ಎದೆ ಗಾರ್ಡ್‌ಗೂ ಹೊಂದಬೇಕು. ಹೊಸಬರು ಆ ದುಡ್ಡನ್ನು ಬೂಟಿಗೆ ಹಾಕಿ.

ಪಂಚೆ, ಚೂಡಿದಾರ್ ಹಾಕಿ ಒಂದು ರೌಂಡ್ ಹೋಗಬಹುದಾ?

ಬೇಡ. ವೇಲು, ಪಂಚೆಯ ಅಂಚು, ಶಾಲು ಹಿಂದಿನ ಆಕ್ಸಲ್‌ಗೆ ಸುತ್ತಿಕೊಂಡರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕುತ್ತಿಗೆ ಎಳೆದುಬಿಡುತ್ತದೆ. ಜಡೆ ಅಂಗಿಯ ಒಳಗೆ ಹೋಗಬೇಕು. ಸರ, ಮಂಗಳಸೂತ್ರ ಕೂಡ ಒಳಗೆ. ಗಟ್ಟಿ ಜೀನ್ಸ್, ಉದ್ದ ತೋಳಿನ ಅಂಗಿ ಕನಿಷ್ಠ.

ಮಕ್ಕಳಿಗೆ ಗೇರ್ ಹಾಕಿಸಿ ಓಡಿಸಲು ಕೊಡಬಹುದಾ?

ದೊಡ್ಡವರ ಕ್ವಾಡ್ ಕೊಡಬೇಡಿ. ಎಷ್ಟೇ ಗೇರ್ ಹಾಕಿಸಿದರೂ ಬೇಡ. 16 ವರ್ಷದೊಳಗಿನವರು ಓಡಿಸಬಾರದು ಎಂದು ಕಂಪನಿಯವರೇ ಗಾಡಿಯ ಮೇಲೆ ಸ್ಟಿಕರ್ ಅಂಟಿಸಿರುತ್ತಾರೆ. ಗಾಡಿಯನ್ನು ಮೈತೂಕದಿಂದ ಹತೋಟಿಗೆ ತರಬೇಕು, ಮಕ್ಕಳಿಗೆ ಆ ತೂಕವೇ ಇಲ್ಲ. ಮುಂದೆ ಕೂರಿಸಿಕೊಂಡು ಹೋಗುವುದೂ ಬೇಡ. ಒಬ್ಬರ ಸೀಟಿನ ಕ್ವಾಡ್ ಒಬ್ಬರಿಗೇ.

ಮಕ್ಕಳ ಸಣ್ಣ ಕ್ವಾಡ್ ಆದರೆ ಮಕ್ಕಳ ಅಳತೆಯ ಹೆಲ್ಮೆಟ್ಟೇ ಬೇಕು. "ಮುಂದಿನ ವರ್ಷಕ್ಕೂ ಆಗಲಿ" ಅಂತ ದೊಡ್ಡದು ತರುವುದು ಶಾಲೆಯ ಯೂನಿಫಾರ್ಮ್‌ಗೆ ಸರಿ, ಹೆಲ್ಮೆಟ್‌ಗಲ್ಲ. ಇಂಜಿನ್ ಆಫ್ ಮಾಡುವ ದಾರ ಗಾಡಿಯಲ್ಲಿದ್ದರೆ ಕೈಗೆ ಕಟ್ಟಿಯೇ ಬಿಡಿ. ಮಗು ಬಿದ್ದ ಕೂಡಲೇ ಇಂಜಿನ್ ನಿಲ್ಲುತ್ತದೆ. ದೊಡ್ಡವರೂ ಕಟ್ಟಿಕೊಳ್ಳಿ.

ಕಾಡಂಚಿನಲ್ಲಿ ಉಂಬಳ (ಜಿಗಣೆ), ಉಣುಗು (ಉಣ್ಣೆ ಹುಳ). ಅದಕ್ಕೆ ಏನು ಮಾಡಲಿ?

ಇದನ್ನು ಹೊರಗಿನವರು ಕೇಳುವುದೇ ಇಲ್ಲ, ನಮ್ಮವರು ಕೇಳುತ್ತಾರೆ. ಮಳೆಗಾಲದ ಉಂಬಳ ರಕ್ತ ಹೀರಿ ಬಿಡುತ್ತದೆ, ಅಷ್ಟೇ. ಉಣುಗು ಹಾಗಲ್ಲ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ನಮ್ಮ ಸಿದ್ದಾಪುರ ಕಡೆ ಈಗಲೂ ಜೀವ ತೆಗೆಯುತ್ತಿದೆ. ಚಳಿಗಾಲದಿಂದ ಬೇಸಿಗೆಯ ತನಕ, ಅಂದರೆ ನಾವು ಕ್ವಾಡ್ ಹೊರಗೆ ತೆಗೆಯುವ ದಿನಗಳಲ್ಲೇ, ಅದರ ಕಾಟ ಜಾಸ್ತಿ. ಮಂಗ ಸತ್ತಿದೆ ಎಂಬ ಸುದ್ದಿ ಇರುವ ಕಡೆ ಹೋಗಲೇಬೇಡಿ. ಉಳಿದ ಕಡೆ ಪ್ಯಾಂಟನ್ನು ಬೂಟಿನೊಳಗೆ ಸಿಕ್ಕಿಸಿ, ತೋಳಿನ ತುದಿ ಗ್ಲೌಸಿನೊಳಗೆ ಹೋಗಲಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ದರಕಿನ (ಒಣ ಎಲೆಯ) ರಾಶಿಯ ಮೇಲೆ ಗೇರ್ ಬಿಚ್ಚಿ ಇಡಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ.

ಮರಳಿನಲ್ಲಿ ಬಿದ್ದರೆ ಪೆಟ್ಟಾಗುವುದಿಲ್ಲ, ದಂಡೆಯಲ್ಲಿ ಗೇರ್ ಬೇಕಾ?

ನೀರಿನ ಅಂಚಿನ ಒದ್ದೆ ಮರಳು ಕಾಂಕ್ರೀಟಿನಷ್ಟೇ ಗಟ್ಟಿ. ಒಣ ಮರಳಿನಲ್ಲಿ ಮುಂದಿನ ಚಕ್ರ ಹೂತು ತಟ್ಟನೆ ನಿಲ್ಲುತ್ತದೆ, ನೀವು ಹ್ಯಾಂಡಲ್ ಮೇಲಿಂದ ಹೋಗುತ್ತೀರಿ. ದೋಣಿ ಎಳೆಯುವ ಹಗ್ಗ, ಮರಳಿನಲ್ಲಿ ಅರ್ಧ ಹೂತ ಗೂಟ ಸಂಜೆ ಬೆಳಕಿಗೆ ಕಾಣುವುದಿಲ್ಲ. ಗೇರ್ ಎಲ್ಲ ಬೇಕು. ಓಡಿಸಲು ಅನುಮತಿ ಇರುವ ಜಾಗದಲ್ಲಿ ಮಾತ್ರ ಓಡಿಸಿ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡ ಕಡೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಳಿನ ಕೆಳಗಿರುವ ಆ ಗೂಡು ನಮ್ಮ ಟೈರಿಗೆ ತಾಳುವುದಿಲ್ಲ.

ಯಾರಾದರೂ ಬಿದ್ದರೆ ಹೆಲ್ಮೆಟ್ ತೆಗೆಯಬೇಕಾ?

ಉಸಿರಾಡುತ್ತಿದ್ದರೆ ತೆಗೆಯಬೇಡಿ. ಕುತ್ತಿಗೆಗೆ ಪೆಟ್ಟಾಗಿದ್ದರೆ ಎಳೆದಾಟದಿಂದ ಇನ್ನೂ ಕೆಡುತ್ತದೆ. ಅಲ್ಲಾಡಿಸದೆ, ತಲೆ ಹಿಡಿದು ಸಮಾಧಾನ ಹೇಳುತ್ತ, 108ಕ್ಕೆ ಫೋನ್ ಮಾಡಿ. ಉಸಿರೇ ಇಲ್ಲದಿದ್ದರೆ ಮಾತ್ರ ಇಬ್ಬರು ಸೇರಿ, ಒಬ್ಬರು ಕುತ್ತಿಗೆ ಹಿಡಿದು, ಇನ್ನೊಬ್ಬರು ಮೆಲ್ಲನೆ ತೆಗೆಯಿರಿ. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದು ಹೊರಡುವ ಮುಂಚೆಯೇ ನೋಡಿಟ್ಟುಕೊಳ್ಳಿ. ನಮ್ಮ ಬ್ಯಾಣದಲ್ಲಿ ಒಂದು ಮಾವಿನ ಮರದ ಬುಡದಲ್ಲಿ ಮಾತ್ರ ಸಿಗುತ್ತದೆ, ಹೊಸಬರು ಬಂದಾಗ ಮೊದಲು ತೋರಿಸುವುದೇ ಆ ಮರವನ್ನು.

ಮಳೆಗಾಲದ ನಾಲ್ಕು ತಿಂಗಳು ಗೇರ್ ಹೇಗೆ ಇಡುವುದು?

ಜೂನ್ ಬರುವ ಮುಂಚೆ ಹೆಲ್ಮೆಟ್‌ನ ಒಳಬಟ್ಟೆ ಬಿಚ್ಚಿ, ತಲೆಗೆ ಹಾಕುವ ಶಾಂಪೂವಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಚಿಪ್ಪು ಬರಿ ಸಾಬೂನು ನೀರಿನಲ್ಲಿ ಒರೆಸಿ. ಪೆಟ್ರೋಲ್, ಥಿನ್ನರ್ ತಾಗಿಸಿದರೆ ಪ್ಲಾಸ್ಟಿಕ್ಕೂ ಥರ್ಮೋಕೋಲೂ ಒಳಗೊಳಗೇ ಸಾಯುತ್ತವೆ. ಬಕಲ್‌ಗೆ ಸಿಹಿನೀರು ಹಾಕಿ ಉಪ್ಪು ತೊಳೆದು, ಒಣಗಿದ ಮೇಲೆ ಒಂದು ಹನಿ ಎಣ್ಣೆ. ಬೂಟಿನೊಳಗೆ ಹಳೆ ಪೇಪರ್ ತುರುಕಿ, ವಾರಕ್ಕೊಮ್ಮೆ ಬದಲಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುವುದು ಖಂಡಿತ. ಒಲೆಯ ಮೇಲಿನ ಅಟ್ಟವೂ ಬೇಡ, ಅಡಿಕೆಗೆ ಒಳ್ಳೆಯದಾದ ಆ ಬಿಸಿ ಹೆಲ್ಮೆಟ್‌ಗೆ ಆಗುವುದಿಲ್ಲ. ನಾನು ಜಗುಲಿಯ ಗೂಟಕ್ಕೆ, ಗಾಳಿ ಆಡುವ ಕಡೆ ನೇತು ಹಾಕುತ್ತೇನೆ. ಖರೀದಿಸಿದ ತಿಂಗಳು, ವರ್ಷವನ್ನು ಒಳಗೆ ಒಂದು ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ಸಾಮಾನ್ಯವಾಗಿ ಕಂಪನಿಗಳು 5 ವರ್ಷಕ್ಕೆ ಬದಲಿಸಿ ಎನ್ನುತ್ತವೆ. ಬಿದ್ದು ಪೆಟ್ಟಾದರೆ ಮಾತ್ರ ಆ ಚೀಟಿ ನೋಡುವ ಕೆಲಸ ಇಲ್ಲ, ಅದೇ ದಿನ ಪಟ್ಟಿ ಕತ್ತರಿಸಿ ಹಾಕಿ, ಬೇರೆ ಯಾರೂ ಅದನ್ನು ತೊಡದ ಹಾಗೆ.